37.33 ಸೆಕೆಂಡಿನ ಈಜು: ತೆರೆಯ ಮೇಲೆ ಕಂಡದ್ದು ಎಷ್ಟು ನಿಜ?

ಪ್ರಶ್ನೆ: ಸರ್, ನಾನು ಬೇಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. 1972ರಲ್ಲಿ ಪಶ್ಚಿಮ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ (ಅಂಗವಿಕಲರ ಒಲಿಂಪಿಕ್ಸ್) 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದ ಯೋಧ ಮುರಳೀಕಾಂತ್ ಪೇಟ್ಕರ್ ಅವರ ಜೀವನವನ್ನು ಆಧರಿಸಿದ ‘ಚಂದು ಚಾಂಪಿಯನ್’ ಚಿತ್ರವನ್ನು ಶಾಲೆಯಲ್ಲಿ ಮಕ್ಕಳಿಗೆ ತೋರಿಸಿದೆವು. ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸೊಂಟದ ಕೆಳಗೆ ಸ್ವಾಧೀನವೇ ಇಲ್ಲದವರು ನಿಜಕ್ಕೂ ಹಾಗೆ ಈಜಬಲ್ಲರೇ, ಅಥವಾ ಅದು ಕ್ಯಾಮೆರಾದ ಕೈಚಳಕವೇ? 37.33 ಸೆಕೆಂಡು ಎಂಬುದು ಅಷ್ಟು ದೊಡ್ಡ ಸಾಧನೆಯೇ? ಚಿತ್ರದಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು? ಕೊನೆಯದು ನನ್ನದೇ ಪ್ರಶ್ನೆ. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆಯಿದ್ದು ಕಾಲಿನಲ್ಲಿ ಬಲವಿಲ್ಲದ ಹುಡುಗನೊಬ್ಬ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಚಿತ್ರ ನೋಡಿದ ದಿನದಿಂದ ‘ಮಿಸ್, ನಾನೂ ಈಜು ಕಲಿಯುತ್ತೇನೆ’ ಎನ್ನುತ್ತಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೇಡಂ, ಮಕ್ಕಳ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದವುಗಳಿಗೆ ದಾರಿ ಸಲೀಸಾಗುತ್ತದೆ. ಅದು ಕೈಚಳಕವಲ್ಲ. ಕಾಲಿನ ನೆರವಿಲ್ಲದೆ ಖಂಡಿತವಾಗಿ ಈಜಬಹುದು. ನಮ್ಮ ಕಡೆಯವರು ಇದನ್ನು ನಂಬಲು ಹಿಂಜರಿಯುವುದಕ್ಕೆ ಕಾರಣ ನಾವು ಈಜು ಕಲಿತ ಬಗೆಯಲ್ಲಿದೆ. ಬೆನ್ನಿಗೆ ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಮಗುವನ್ನು ತೋಟದ ಬಾವಿಗೆ ಇಳಿಸುತ್ತಿದ್ದ ಹಿರಿಯರು ದಡದಿಂದ ಕೂಗುತ್ತಿದ್ದುದು ಒಂದೇ ಮಾತು: ‘ಕಾಲು ಬಡಿ, ಕಾಲು ಬಡಿ!’ ಹಾಗಾಗಿ ಮನುಷ್ಯನನ್ನು ತೇಲಿಸುವುದೇ ಕಾಲು ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ವಾಸ್ತವದಲ್ಲಿ ನಮ್ಮನ್ನು ತೇಲಿಸುವುದು ಎದೆಗೂಡಿನೊಳಗಿನ ಗಾಳಿ. ಫ್ರೀಸ್ಟೈಲ್‌ನಲ್ಲಿ ಮುಂದಕ್ಕೆ ಒಯ್ಯುವ ಕೆಲಸದ ದೊಡ್ಡ ಪಾಲು ಕೈಯದು. ಕಾಲು ವೇಗಕ್ಕೆ ಒಂದಿಷ್ಟು ಕೂಡಿಸುತ್ತದೆ ಎಂಬುದು ಸರಿಯಾದರೂ, ದೇಹವನ್ನು ನೀರಿನ ಮಟ್ಟಕ್ಕೆ ಸಮನಾಗಿ ಇರಿಸುವುದು ಮತ್ತು ಹೊರಳುವ ಮೈಯನ್ನು ಹಿಡಿತದಲ್ಲಿಡುವುದು ಅದರ ಮುಖ್ಯ ಕೆಲಸ.

ಏತವನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಏತದ ಮರಕ್ಕೆ ನಡುವೆ ಆಸರೆಯ ಕಂಬವಿರುವಂತೆ, ನೀರಿನಲ್ಲಿ ಬೋರಲಾಗಿ ಮಲಗಿದ ದೇಹಕ್ಕೆ ಎದೆಯೇ ಆಸರೆ. ಒಂದು ತುದಿಯಲ್ಲಿ ತಲೆ, ಇನ್ನೊಂದು ತುದಿಯಲ್ಲಿ ಕಾಲು. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಮುಖವನ್ನು ನೀರಿಗಿಟ್ಟು ಎದೆಯನ್ನು ಕೊಂಚ ಒತ್ತಿದರೆ ಸೊಂಟ ಮೇಲೇಳುತ್ತದೆ. ಕಾಲಿಗೆ ಸ್ವಾಧೀನವಿಲ್ಲದವರು ಈ ತೂಕದ ಹೊಂದಿಕೆಯನ್ನು ಪೂರ್ತಿಯಾಗಿ ತಲೆ, ಎದೆ, ಉಸಿರುಗಳಿಂದಲೇ ಸಾಧಿಸಬೇಕಾಗುತ್ತದೆ. ವರ್ಷಗಟ್ಟಲೆ ಕೆಲಸವಿಲ್ಲದೆ ಸ್ನಾಯು ಕರಗಿದ ಕಾಲು ಹಗುರವಾಗಿ ತೇಲುವುದೂ ಉಂಟು. ಆದರೆ ಬೆನ್ನುಹುರಿಗೆ ಪೆಟ್ಟಾದ ಕೆಲವರಲ್ಲಿ ತಣ್ಣೀರು ಸೋಕಿದೊಡನೆ ಕಾಲು ತಾನಾಗಿಯೇ ಸೆಟೆದು ಮಡಿಚಿಕೊಳ್ಳುತ್ತದೆ. ಮಡಿಚಿದ ಆ ಮೊಣಕಾಲು ಅಡ್ಡ ಹಿಡಿದ ಹಲಗೆಯಂತೆ ನೀರನ್ನು ತಡೆದು ಹಿಂದಕ್ಕೆ ಎಳೆಯುತ್ತದೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಆರೋಗ್ಯವಾದ ಕಾಲುಳ್ಳ ನಟನಿಗೆ ಕಾಲಾಡಿಸದೆ ಈಜುವುದು ಸುಲಭದ ಕೆಲಸವಲ್ಲ, ಏಕೆಂದರೆ ಕೈ ಬೀಸಿದೊಡನೆ ಕಾಲು ಹೇಳದೆಯೇ ಬಡಿಯುತ್ತದೆ. ಕಾರ್ತಿಕ್ ಆರ್ಯನ್ ಆ ಅಭ್ಯಾಸವನ್ನು ಅಡಗಿಸಿ ಈಜಿರುವುದನ್ನು ತರಬೇತುದಾರನ ಕಣ್ಣಿನಿಂದ ನೋಡಿ ಮೆಚ್ಚಿದ್ದೇನೆ.

ಇಪ್ಪತ್ತು ವರ್ಷಕ್ಕೂ ಹಿಂದೆ, ಹಾಸನದಲ್ಲಿ ನಾನು ಕಲಿಸುತ್ತಿದ್ದಾಗ, ಆಲೂರಿನ ಕಡೆಯಿಂದ ಒಬ್ಬ ತಂದೆ ತಮ್ಮ ಮಗನನ್ನು ಹೆಗಲ ಮೇಲೆ ಹೊತ್ತು ತಂದರು. ಪೋಲಿಯೊದಿಂದ ಹುಡುಗನ ಎರಡೂ ಕಾಲುಗಳು ಸೊರಗಿದ್ದವು. ಅದಕ್ಕೂ ಮೊದಲು ಅವರು ಹೋಗಿದ್ದ ಒಂದು ಕೊಳದವರು ‘ಇಂಥವರಿಗೆ ಇಲ್ಲಿ ಆಗುವುದಿಲ್ಲ’ ಎಂದು ಬಾಗಿಲಿನಿಂದಲೇ ಕಳುಹಿಸಿದ್ದರು. ನನಗೂ ಅಂಥ ಮಕ್ಕಳಿಗೆ ಕಲಿಸಿದ ಅನುಭವವಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅವನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟೆ. ಹೆದರಿಕೆಯಿಂದ ಕತ್ತನ್ನು ಮೇಲೆತ್ತಿದ್ದ. ಕಾಲು ನೇತುಬಿದ್ದು ತಳವನ್ನು ತಾಗುತ್ತಿತ್ತು. ‘ಕೆಳಗಿನ ಟೈಲ್ಸ್ ಎಣಿಸಿ ಹೇಳು’ ಎಂದೆ. ಮುಖವನ್ನು ನೀರಿಗಿಟ್ಟು ಎಣಿಸತೊಡಗಿದ. ಸ್ವಲ್ಪ ಹೊತ್ತಿನಲ್ಲಿಯೇ ನನ್ನ ಅಂಗೈಯ ಮೇಲಿನ ಭಾರ ಇಳಿಯಿತು, ತಿರುಗಿ ನೋಡಿದರೆ ಆ ತೆಳು ಕಾಲುಗಳೆರಡೂ ನೀರಿನ ಮಟ್ಟಕ್ಕೆ ಬಂದಿದ್ದವು. ನಾನು ಕೈ ತೆಗೆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ನಾನು ಎತ್ತಿ ಹಿಡಿದಾಗ ಉಸಿರೆಳೆದುಕೊಂಡು ‘ಹನ್ನೊಂದು ಸರ್’ ಎಂದ. ಪೇಟ್ಕರ್ ಅವರ ಚಿತ್ರ ನೋಡುತ್ತ ಕುಳಿತಾಗ, ಚಿನ್ನದ ಪದಕದ ದೃಶ್ಯಕ್ಕಿಂತ ಮೊದಲೇ, ನನಗೆ ಆ ಹನ್ನೊಂದು ನೆನಪಾಗಿ ಕಣ್ಣು ತುಂಬಿತು.

ಈಗ ಸಮಯದ ಮಾತು. 50 ಮೀಟರಿಗೆ 37.33 ಸೆಕೆಂಡು ಎಂದರೆ ಸೆಕೆಂಡಿಗೆ ಸುಮಾರು 1.34 ಮೀಟರ್. ಅದೇ 1972ರಲ್ಲಿ, ಅದೇ ಪಶ್ಚಿಮ ಜರ್ಮನಿಯಲ್ಲಿ, ಕೆಲವೇ ವಾರಗಳ ನಂತರ ನಡೆದ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಾರ್ಕ್ ಸ್ಪಿಟ್ಜ್ 100 ಮೀಟರ್ ಫ್ರೀಸ್ಟೈಲನ್ನು 51.22 ಸೆಕೆಂಡಿನಲ್ಲಿ ಮುಗಿಸಿ ತಮ್ಮ ಏಳು ಚಿನ್ನಗಳಲ್ಲಿ ಒಂದನ್ನು ಗೆದ್ದರು. ಅವರ ವೇಗ ಸೆಕೆಂಡಿಗೆ ಸುಮಾರು 1.95 ಮೀಟರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದನ್ನು ಸಣ್ಣದೆನ್ನುವುದು ತಪ್ಪಾಗುತ್ತದೆ. ಸ್ಪಿಟ್ಜ್ ಅವರಿಗೆ ಮೆಟ್ಟುಹಲಗೆಯಿಂದ ಕಾಲಿನ ಬಲದಲ್ಲಿ ಚಿಮ್ಮುವ ಅವಕಾಶವಿತ್ತು, ತಿರುವಿನಲ್ಲಿ ಗೋಡೆಯನ್ನು ಒದ್ದು ಜಾರುವ ಅವಕಾಶವಿತ್ತು, ಉದ್ದಕ್ಕೂ ಕಾಲು ಬಡಿಯುವ ಅವಕಾಶವಿತ್ತು. ಪೇಟ್ಕರ್ ಅವರಿಗೆ ಈ ಮೂರೂ ಇರಲಿಲ್ಲ.

ನೀರಿನ ಲೆಕ್ಕ ನೆಲದ ಲೆಕ್ಕದಂತಲ್ಲ ಎಂಬುದನ್ನು ಮಕ್ಕಳಿಗೆ ಮನದಟ್ಟು ಮಾಡಿಸಿ. ವೇಗ ಇಮ್ಮಡಿಯಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಮೀರಿ ಸಾಗಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಈ ಲೆಕ್ಕದ ಪ್ರಕಾರ 50 ಮೀಟರನ್ನು 40 ಸೆಕೆಂಡಿನಲ್ಲಿ ಈಜುವವರು 37.33 ಸೆಕೆಂಡಿಗೆ ಇಳಿಯಬೇಕಾದರೆ ನೂರಕ್ಕೆ ಸುಮಾರು 23ರಷ್ಟು ಹೆಚ್ಚು ಶಕ್ತಿಯನ್ನು ನೀರಿಗೆ ಕೊಡಬೇಕು. ನೋಡುವವರಿಗೆ ಅದು ಮೂರು ಸೆಕೆಂಡಿಗೂ ಕಡಿಮೆ ಅಂತರ. ಈಜುವವರಿಗೆ ಅದು ತಿಂಗಳುಗಳ ದುಡಿಮೆ, ಮತ್ತು ಪೇಟ್ಕರ್ ಅವರ ಸ್ಥಿತಿಯಲ್ಲಿರುವವರಿಗೆ ಆ ಶಕ್ತಿಯಷ್ಟೂ ಭುಜ ಮತ್ತು ಬೆನ್ನಿನ ಮೇಲ್ಭಾಗದಿಂದಲೇ ಬರಬೇಕು. ನಾನು ಬಹಳ ಯೋಚಿಸುವ ಸಂಗತಿಯೊಂದಿದೆ. ಬೇರೆ ಈಜುಗಾರರು ಕೊಳದಿಂದ ಎದ್ದ ಮೇಲೆ ಭುಜಕ್ಕೆ ವಿಶ್ರಾಂತಿ ಕೊಡುತ್ತಾರೆ. ಗಾಲಿಕುರ್ಚಿಯಲ್ಲಿ ಬದುಕುವವರ ಭುಜಕ್ಕೆ ಆ ವಿಶ್ರಾಂತಿಯೇ ಇಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಸ್ನಾನದ ಮನೆಗೆ, ದಿನವಿಡೀ ಓಡಾಡಿಸುವುದೂ ಅದೇ ಭುಜ. ಅವರು ಮೊದಲು ಬಾಕ್ಸರ್ ಆಗಿದ್ದುದು ಇಲ್ಲಿ ನೆರವಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಈ ಮಾತು ಮಕ್ಕಳಿಗೆ ಕಣ್ಣಾರೆ ಕಾಣಬೇಕಾದರೆ ಚೆನ್ನಾಗಿ ಈಜು ಬಲ್ಲ ಇಬ್ಬರು ಹುಡುಗರನ್ನು, ಜೀವರಕ್ಷಕರು ಪಕ್ಕದಲ್ಲಿರುವಾಗ, ನಿಂತರೆ ನೆಲ ಸಿಗುವಷ್ಟು ಆಳದ ನೀರಿನಲ್ಲಿ ಹೀಗೆ ಈಜಿಸಿ. ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಬಳೆಯಂತೆ ಕಟ್ಟಿ ಎರಡೂ ಕಾಲಿನ ಹರಡುಗಳಿಗೆ ತೊಡಿಸಿ. ಗೋಡೆಯನ್ನು ಒದೆಯದೆ, ನೀರಿನಲ್ಲಿಯೇ ಇದ್ದು ಆರಂಭಿಸಲಿ. ನಮ್ಮಲ್ಲಿ ಈ ಪಟ್ಟಿ ತರಬೇತಿಯ ಭಾಗವೇ ಆಗಿದೆ, ಕೈಯ ಎಳೆತದ ತಪ್ಪುಗಳನ್ನೆಲ್ಲ ಅದು ಬಯಲಿಗೆಳೆಯುತ್ತದೆ. ಹತ್ತು ಮೀಟರ್ ದಾಟುವಷ್ಟರಲ್ಲಿ ಅವರ ಸೊಂಟ ಇಳಿಯುತ್ತದೆ, ಕತ್ತು ಏಳುತ್ತದೆ, ಉಸಿರು ತಪ್ಪುತ್ತದೆ. ಆಮೇಲೆ 37.33 ಎಂಬ ಅಂಕಿಯನ್ನು ಅವರೇ ಬೇರೆ ಗೌರವದಿಂದ ಉಚ್ಚರಿಸುತ್ತಾರೆ. ಆಗ ಅದು ವಿಶ್ವದಾಖಲೆಯಾಗಿತ್ತು ಎಂಬುದನ್ನೂ ಅವರಿಗೆ ಹೇಳಿ.

ಪೇಟ್ಕರ್ ಸ್ಪರ್ಧಿಸಿದ್ದು ‘3’ ಎಂಬ ವರ್ಗದಲ್ಲಿ. ಬೆನ್ನುಹುರಿಗೆ ಯಾವ ಮಟ್ಟದಲ್ಲಿ ಪೆಟ್ಟಾಗಿದೆ ಎಂಬ ವೈದ್ಯಕೀಯ ಲೆಕ್ಕದ ಮೇಲೆ ಆಗ ವರ್ಗ ಮಾಡುತ್ತಿದ್ದರು. ಈಗಿನ ಎಸ್1ರಿಂದ ಎಸ್10ರವರೆಗಿನ ದೈಹಿಕ ವರ್ಗಗಳು ನೀರಿನಲ್ಲಿ ದೇಹ ಏನು ಮಾಡಬಲ್ಲದು ಎಂಬುದನ್ನು ನೋಡಿ ನಿರ್ಧಾರವಾಗುವಂಥವು, ಹಾಗಾಗಿ ಅಂದಿನ 3 ಮತ್ತು ಇಂದಿನ ಎಸ್3 ಒಂದೇ ಅಲ್ಲ. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದೇ ಗಾಯಗೊಂಡ ಸೈನಿಕರ ಆಸ್ಪತ್ರೆಯಲ್ಲಿ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗಟ್‌ಮನ್ 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಬೆನ್ನುಹುರಿಗೆ ಪೆಟ್ಟಾದ 16 ಮಂದಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದರು. 1960ರಲ್ಲಿ ರೋಮ್‌ನಲ್ಲಿ ಅದು ಪ್ಯಾರಾಲಿಂಪಿಕ್ಸ್ ಆಯಿತು. ಅಂಗಚ್ಛೇದನವಾದವರು, ದೃಷ್ಟಿ ಇಲ್ಲದವರು ಪದಕದ ಸ್ಪರ್ಧೆಗೆ ಬಂದದ್ದು 1976ರ ಟೊರಾಂಟೊ ಕೂಟದಿಂದ. ಅಂದರೆ ಹೈಡೆಲ್‌ಬರ್ಗ್‌ನಲ್ಲಿ ಪೇಟ್ಕರ್ ಅವರೊಡನೆ ಪದಕಕ್ಕಾಗಿ ಸೆಣಸಿದವರೆಲ್ಲ ಬೆನ್ನುಹುರಿಯ ನೋವು ಉಂಡವರೇ.

ಇನ್ನು ಚಿತ್ರದಲ್ಲಿ ನಿಜವೆಷ್ಟು ಎಂಬ ಪ್ರಶ್ನೆ. ಬೆನ್ನೆಲುಬು ನಿಜವೇ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೇಠ್ ಇಸ್ಲಾಂಪುರದ ಹುಡುಗ ಸೇನೆಯ ಯಂತ್ರೋಪಕರಣಗಳನ್ನು ನೋಡಿಕೊಳ್ಳುವ ಇಎಂಇ ದಳಕ್ಕೆ ಸೇರಿದ್ದು, ಅಲ್ಲಿ ಬಾಕ್ಸರ್ ಆದದ್ದು, 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡದ್ದು, 1972ರಲ್ಲಿ ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದದ್ದು, ಪುಣೆಯಲ್ಲಿ ಟೆಲ್ಕೊ ಕಂಪನಿಯ ನೌಕರಿಯಲ್ಲಿದ್ದದ್ದು, 2018ರಲ್ಲಿ ಪದ್ಮಶ್ರೀ ಪಡೆದದ್ದು, ಇವೆಲ್ಲ ದಾಖಲಾದ ಸಂಗತಿಗಳು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಕಂಚು ಗೆದ್ದ ಕೆ.ಡಿ. ಜಾಧವ್ ಅವರ ಮೆರವಣಿಗೆಯನ್ನು ಚಿತ್ರ ಬಾಲಕನ ಕನಸಿನ ಬೀಜವಾಗಿ ಇಡುತ್ತದೆ. ಜಾಧವ್ ಕರಾಡದ ಬಳಿಯವರು, ಸಾಂಗ್ಲಿಗೆ ನೆರೆಯ ಸೀಮೆಯವರು, ಆದ್ದರಿಂದ ಅದು ಆ ನೆಲಕ್ಕೆ ಸಹಜವಾಗಿ ಹೊಂದುತ್ತದೆ.

ಚಿತ್ರ ಹಗುರವಾಗಿ ದಾಟಿಬಿಡುವುದು ನಡುವಿನ ವರ್ಷಗಳನ್ನು. ಗುಂಡು ತಗುಲಿದ್ದು 1965ರಲ್ಲಿ, ಪದಕ ಬಂದದ್ದು 1972ರಲ್ಲಿ. 1968ರ ಟೆಲ್ ಅವೀವ್ ಕೂಟದಲ್ಲಿ ಪೇಟ್ಕರ್ ಟೇಬಲ್ ಟೆನಿಸ್ ಆಡಿ ಮೊದಲ ಸುತ್ತನ್ನು ಗೆದ್ದಿದ್ದರು. ಹೈಡೆಲ್‌ಬರ್ಗ್‌ನಲ್ಲಿ ಈಜಿನ ಜೊತೆಗೆ ಜಾವೆಲಿನ್, ಗುರಿಯಿಟ್ಟು ಎಸೆಯುವ ಜಾವೆಲಿನ್ ಮತ್ತು ಅಡೆತಡೆಗಳ ನಡುವೆ ಗಾಲಿಕುರ್ಚಿ ಓಡಿಸುವ ಸ್ಲಾಲಂ ಸ್ಪರ್ಧೆಗಳಲ್ಲಿ ಅಂತಿಮ ಹಂತ ತಲುಪಿದ್ದರು. ಹೊರದೇಶಕ್ಕೆ ಹೋಗುವ ಖರ್ಚಿಗೆ ಕ್ರಿಕೆಟಿಗ ವಿಜಯ್ ಮರ್ಚೆಂಟ್ ನೆರವಾಗಿದ್ದರು. ಒಬ್ಬ ಮನುಷ್ಯ ಹಾಸಿಗೆಯಿಂದ ಎದ್ದು ಕುಳಿತು, ಒಂದಾದ ಮೇಲೊಂದು ಆಟದಲ್ಲಿ ತನ್ನ ಹೊಸ ದೇಹ ಏನು ಮಾಡಬಲ್ಲದು ಎಂದು ತಡಕಾಡಿದ ಏಳು ವರ್ಷಗಳು ಅವು. ವಿಜಯ್ ರಾಜ್ ನಟಿಸಿದ ಟೈಗರ್ ಅಲಿ ಎಂಬ ಗುರು ಬಾಕ್ಸಿಂಗ್ ಕಲಿಸಿ, ಆಮೇಲೆ ಈಜನ್ನೂ ಕಲಿಸುವಂತೆ ಚಿತ್ರದಲ್ಲಿದೆ. ಇದನ್ನು ಕಥೆಯ ಅನುಕೂಲವೆಂದೇ ಮಕ್ಕಳಿಗೆ ತಿಳಿಸಿ. ಜೀವನಚಿತ್ರಗಳಲ್ಲಿ ಒಬ್ಬ ಗುರು ಹಲವರ ಕೆಲಸ ಮಾಡುತ್ತಾನೆ. ನಿಜವಾದ ಕೊಳದಲ್ಲಿ ಒಬ್ಬ ಈಜುಗಾರನ ಹಿಂದೆ ವೈದ್ಯರು, ಅಂಗಮರ್ದನ ಮಾಡುವವರು, ನೀರಿಗಿಳಿಸಿ ಎತ್ತುವವರು, ಗಡಿಯಾರ ಹಿಡಿಯುವವರು ಎಲ್ಲರೂ ಇರುತ್ತಾರೆ.

ಮುದುಕನಾದ ನಾಯಕ ಪೊಲೀಸ್ ಠಾಣೆಗೆ ಹೋಗಿ, ಅರ್ಜುನ ಪ್ರಶಸ್ತಿ ಕೊಡದ ರಾಷ್ಟ್ರಪತಿಗಳ ಮೇಲೆ ದೂರು ಕೊಡಲು ಬಂದಿದ್ದೇನೆ ಎನ್ನುವ ಆರಂಭವೂ ಕಥೆ ಕಟ್ಟುವ ತಂತ್ರವೇ. ಆದರೆ ಆ ಕೊರಗು ಸುಳ್ಳಲ್ಲ. ಚಿತ್ರ ತೆರೆಕಂಡದ್ದು 2024ರ ಜೂನ್‌ನಲ್ಲಿ. ಪೇಟ್ಕರ್ ಅವರಿಗೆ ಜೀವಮಾನದ ಸಾಧನೆಗಾಗಿ ಅರ್ಜುನ ಪ್ರಶಸ್ತಿ ಸಂದದ್ದು 2025ರ ಜನವರಿಯಲ್ಲಿ, ಪದಕ ಗೆದ್ದು 52 ವರ್ಷ ಕಳೆದ ಮೇಲೆ. ಈ ಭಾಗವನ್ನು ಚಿತ್ರದಲ್ಲಿ ಕಾಣಲಾಗದು, ನೀವೇ ಮಕ್ಕಳಿಗೆ ಹೇಳಬೇಕು. ಅವರ ನಂತರ ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮತ್ತೊಂದು ಚಿನ್ನ ಬರಲು 2004ರ ಅಥೆನ್ಸ್‌ನಲ್ಲಿ ದೇವೇಂದ್ರ ಝಝಾರಿಯಾ ಜಾವೆಲಿನ್ ಎಸೆಯುವವರೆಗೆ ಕಾಯಬೇಕಾಯಿತು. ಈಜಿನಲ್ಲಂತೂ 2024ರ ಪ್ಯಾರಿಸ್ ಕೂಟ ಮುಗಿಯುವವರೆಗೂ ನಮಗೆ ಬಂದ ಪದಕ ಅದೊಂದೇ.

ನಿರ್ದೇಶಕ ಕಬೀರ್ ಖಾನ್ ಅವರ ಈ ಚಿತ್ರದ ಬಗ್ಗೆ ನನಗಿರುವ ಕೊರಗು ನೀರಿನ ಪಾಲು ಕಡಿಮೆಯಾಯಿತು ಎಂಬುದು. ಬಾಕ್ಸಿಂಗ್‌ಗೂ ಯುದ್ಧಕ್ಕೂ ಸಿಕ್ಕ ಸಾವಧಾನ ಈಜಿಗೆ ಸಿಕ್ಕಿಲ್ಲ. ಇದು ಈ ಚಿತ್ರವೊಂದರ ದೋಷವಲ್ಲ. ಸಿನಿಮಾ ಬದುಕುವುದು ಮುಖದ ಮೇಲೆ. ಈಜುಗಾರನ ಮುಖವೋ ನೀರಿನೊಳಗಿರುತ್ತದೆ. ಬಾಕ್ಸರನ ಎದುರಿಗೆ ಎದುರಾಳಿಯ ಕಣ್ಣಿರುತ್ತದೆ, ಈಜುಗಾರನ ಎದುರಿಗೆ ಕೊಳದ ತಳದ ಕಪ್ಪು ಗೆರೆಯಷ್ಟೇ. ಆದ್ದರಿಂದಲೇ ಈಜುಗಾರರ ಜೀವನಚಿತ್ರಗಳು ದಡದ ಕಡೆಗೆ ವಾಲುತ್ತವೆ. ಸಿರಿಯಾದ ಯುಸ್ರಾ ಮತ್ತು ಸಾರಾ ಮರ್ದಿನಿ ಸೋದರಿಯರ ಕುರಿತು 2022ರಲ್ಲಿ ಬಂದ ಚಿತ್ರದಲ್ಲಿಯೂ ರಿಯೊ ಒಲಿಂಪಿಕ್ಸ್‌ನ ಕೊಳಕ್ಕಿಂತ ಏಜಿಯನ್ ಸಮುದ್ರದಲ್ಲಿ ಕೆಟ್ಟುನಿಂತ ದೋಣಿಯೇ ಮನಸ್ಸಿನಲ್ಲಿ ಉಳಿಯುತ್ತದೆ. ಮುಂದಿನ ಸಲ ಚಿತ್ರವನ್ನು ತೋರಿಸುವಾಗ ಕೊನೆಯ ಸ್ಪರ್ಧೆಯ ಹೊತ್ತಿಗೆ ಒಬ್ಬ ವಿದ್ಯಾರ್ಥಿಯ ಕೈಗೆ ಸ್ಟಾಪ್‌ವಾಚ್ ಕೊಡಿ. ತೆರೆಯ ಮೇಲಿನ ಈಜಿಗೂ 37.33 ಸೆಕೆಂಡಿಗೂ ಇರುವ ವ್ಯತ್ಯಾಸ ಅವರಿಗೇ ಗೊತ್ತಾಗುತ್ತದೆ.

ಕೊನೆಗೆ ನಿಮ್ಮ ಹುಡುಗನ ವಿಷಯ. ಅವನು ಕಲಿಯಬಹುದು ಎಂದೇ ನಾನು ನಂಬುತ್ತೇನೆ. ಬೆಂಗಳೂರಿನ ನಿರಂಜನ್ ಮುಕುಂದನ್ ಬೆನ್ನುಹುರಿಯ ಹುಟ್ಟುದೋಷದೊಡನೆಯೇ ಈಜಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಹೋದವರು. ಒಂದು ಕೈ ಪೂರ್ತಿ ಬೆಳೆಯದ ಶರತ್ ಗಾಯಕ್ವಾಡ್ 2012ರಲ್ಲಿ ಲಂಡನ್‌ಗೆ ಹೋದರು, 2014ರ ಏಷ್ಯನ್ ಪ್ಯಾರಾ ಕೂಟದಲ್ಲಿ ಆರು ಪದಕ ಗೆದ್ದರು. ಆದರೆ ಪೇಟ್ಕರ್ ಆಗು ಎಂದು ಅವನನ್ನು ನೀರಿಗೆ ಕಳುಹಿಸಬೇಡಿ. ಟೈಲ್ಸ್ ಎಣಿಸಲು ಕಳುಹಿಸಿ.

ಮೊದಲು ಅವನಿಗೆ ಚಿಕಿತ್ಸೆ ಕೊಟ್ಟ ವೈದ್ಯರ ಒಪ್ಪಿಗೆ ಬೇಕು. ತಲೆಯ ನೀರು ಇಳಿಸಲು ನಳಿಕೆ ಇಟ್ಟಿದ್ದಾರೆಯೇ, ಮೂರ್ಛೆಯ ತೊಂದರೆ ಇದೆಯೇ, ಮೂತ್ರದ ಹಿಡಿತ ಹೇಗಿದೆ ಎಂಬುದನ್ನು ತಾಯಿತಂದೆಯರ ಬಳಿ ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಿ. ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ಈ ಹುಟ್ಟುದೋಷವಿರುವ ಮಕ್ಕಳಲ್ಲಿ ಅನೇಕರಿಗೆ ರಬ್ಬರಿನ ಹಾಲಿನಿಂದ ಮಾಡಿದ ಲ್ಯಾಟೆಕ್ಸ್ ವಸ್ತುಗಳ ಅಲರ್ಜಿ ಇರುತ್ತದೆ. ಆದ್ದರಿಂದ ಮೇಲೆ ಹೇಳಿದ ಟ್ಯೂಬಿನ ಪಟ್ಟಿಯನ್ನು ಅವನಿಗೆ ತೊಡಿಸಲೇಬಾರದು, ಈಜುಟೋಪಿಯೂ ಸಿಲಿಕೋನಿನದಿರಲಿ. ಮನೆಗೆ ಹತ್ತಿರವೆಂದು ಯಗಚಿಯ ಹಿನ್ನೀರಿಗೋ ಊರ ಕೆರೆಗೋ ಇಳಿಸುವುದು ಬೇಡ. ಹೂಳಿನ ತಳ, ದಿಢೀರನೆ ಇಳಿಯುವ ಆಳ ಇವು ಕಾಲು ಊರಲಾಗದವನಿಗೆ ಇಮ್ಮಡಿ ಅಪಾಯ. ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ವಾರಕ್ಕೆ ಎರಡು ದಿನ ಬರಲು ಸಾಧ್ಯವಾದರೂ ಸಾಕು. ಚಳಿಗಾಲದ ಬೆಳಗಿನ ಕೊಳ ಅವನ ಕಾಲನ್ನು ಸೆಟೆಸಬಹುದಾದ್ದರಿಂದ ಮಾರ್ಚ್ ಕಳೆದ ಮೇಲೆ, ಬಿಸಿಲು ಬಿದ್ದು ನೀರು ಬೆಚ್ಚಗಾದ ಹೊತ್ತಿನಲ್ಲಿ ಆರಂಭಿಸಿ.

ಆಲೂರಿನ ಆ ಹುಡುಗನಿಗೂ ನಿಮ್ಮ ಹುಡುಗನಿಗೂ ಒಂದು ಮುಖ್ಯ ವ್ಯತ್ಯಾಸವಿರುವ ಸಂಭವವಿದೆ. ಪೋಲಿಯೊ ಕಾಲಿನ ಬಲವನ್ನು ಕಸಿದರೂ ಸ್ಪರ್ಶವನ್ನು ಕಸಿಯುವುದಿಲ್ಲ. ಕಾಲು ತಳಕ್ಕೆ ಉಜ್ಜಿದರೆ ಅವನು ‘ಉರಿ ಸರ್’ ಎಂದು ಹೇಳುತ್ತಿದ್ದ. ಬೆನ್ನುಹುರಿಯ ತೊಂದರೆಯಲ್ಲಿ ಸ್ಪರ್ಶವೂ ಮಂಕಾಗಿರಬಹುದು, ಚರ್ಮ ಕಿತ್ತು ರಕ್ತ ಬಂದರೂ ಮಗುವಿಗೆ ತಿಳಿಯದು, ಅಂಥ ಗಾಯ ಮಾಯಲು ಬಹಳ ಕಾಲ ಹಿಡಿಯುತ್ತದೆ. ಕೊಳದ ಅಂಚಿನಲ್ಲಿ ದಪ್ಪ ಟವೆಲ್ ಹಾಸಿ ಕೂರಿಸಿ, ಅಲ್ಲಿಂದ ಎತ್ತಿ ಇಳಿಸಿ, ಎಳೆದುಕೊಂಡು ಇಳಿಸಬೇಡಿ. ಬರುವಾಗ ಮೊಣಕಾಲಿನವರೆಗೆ ಬರುವ ಎರಡು ಜೊತೆ ಹತ್ತಿಯ ಕಾಲುಚೀಲ ತನ್ನಿ: ಒಂದು ಜೊತೆ ನೀರಿನೊಳಗೆ ತೊಡಲು, ಇನ್ನೊಂದು ಎದ್ದ ಮೇಲೆ ಕಾಲನ್ನು ಒರೆಸಿ, ಹಿಮ್ಮಡಿ ಮತ್ತು ಬೆರಳ ಸಂದಿಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದ ನಂತರ ತೊಡಿಸಲು.